ಪ್ರಾಣಿಜನ್ಯ ಬ್ಯಾಕ್ಟೀರಿಯಾಗಳ ಪ್ರೋಟೀನ್ ಅಧ್ಯಯನ: ಕೋಲಾರ ಸೀಮೆಯ ಹಿನ್ನೆಲೆಯಲ್ಲಿ

ಪ್ರಾಣಿಗಳಲ್ಲಿ ನೆಲೆಸಿ ಅಲ್ಲಿಂದ ಮನುಷ್ಯರಿಗೆ ದಾಟುವ ಬ್ಯಾಕ್ಟೀರಿಯಾಗಳು ಯಾವ ಪ್ರೋಟೀನುಗಳನ್ನು ಯಾವಾಗ, ಎಷ್ಟು ತಯಾರಿಸುತ್ತವೆ, ಅವುಗಳಿಂದ ರೋಗ ಹೇಗೆ ಹುಟ್ಟುತ್ತದೆ ಎಂಬುದರ ಅಧ್ಯಯನ ಸೂಕ್ಷ್ಮಜೀವಿಶಾಸ್ತ್ರದ ಒಂದು ಮುಖ್ಯ ಕವಲು. ಪ್ಲೇಗು, ಇಲಿ ಜ್ವರ, ದನಗಳು ಗರ್ಭ ಕಳೆದುಕೊಳ್ಳುವ ಕಂದು ರೋಗ, ನೆರಡಿ ರೋಗ (ಆಂಥ್ರಾಕ್ಸ್), ಸ್ಕ್ರಬ್ ಟೈಫಸ್ ಇವೆಲ್ಲ ಹೀಗೆ ದಾಟುವ ಕಾಯಿಲೆಗಳು. ಒಂದು ಜೀವಿಯ ಪ್ರೋಟೀನುಗಳ ಇಡೀ ಸಮೂಹಕ್ಕೆ 'ಪ್ರೋಟಿಯೋಮ್' ಎಂಬ ಹೆಸರನ್ನು ಆಸ್ಟ್ರೇಲಿಯದ ಸಂಶೋಧಕ ಮಾರ್ಕ್ ವಿಲ್ಕಿನ್ಸ್ 1994ರಲ್ಲಿ ಬಳಕೆಗೆ ತಂದರು. ಜೀನುಗಳ ಪಟ್ಟಿ ನೋಡಿದರೆ ಬ್ಯಾಕ್ಟೀರಿಯಾ ಏನೇನು ಮಾಡಬಲ್ಲದು ಎಂದು ತಿಳಿಯುತ್ತದೆ. ಅದು ಸದ್ಯಕ್ಕೆ ಏನು ಮಾಡುತ್ತಿದೆ ಎಂದು ತಿಳಿಯಬೇಕಾದರೆ ಪ್ರೋಟೀನುಗಳನ್ನೇ ನೋಡಬೇಕು.

ಇಲಿಯ ಮೈ, ಚಿಗಟದ ಹೊಟ್ಟೆ, ಕೆರೆಯ ನೀರು, ಹಸುವಿನ ಗರ್ಭಕೋಶ, ಮನುಷ್ಯನ ರಕ್ತ: ಪ್ರಾಣಿಜನ್ಯ ಬ್ಯಾಕ್ಟೀರಿಯಾ ಬದುಕಬೇಕಾದ ತಾಣಗಳು ಒಂದಕ್ಕೊಂದು ತೀರ ಬೇರೆ. ತಾಣ ಬದಲಾದಾಗಲೆಲ್ಲ ಅದು ತನ್ನ ಪ್ರೋಟೀನುಗಳನ್ನೂ ಬದಲಾಯಿಸಿಕೊಳ್ಳುತ್ತದೆ. ಬಯಲಾಟದ ಪಾತ್ರಧಾರಿ ಚೌಕಿಗೆ ಹೋಗಿ ಬೇರೊಂದು ವೇಷ ಕಟ್ಟಿಕೊಂಡು ಬರುವ ಹಾಗೆ. ಯಾವ ತಾಣದಲ್ಲಿ ಯಾವ ವೇಷ ಎಂಬುದು ಗೊತ್ತಾದರೆ ರೋಗವನ್ನು ಬೇಗ ಗುರುತಿಸಬಹುದು, ಲಸಿಕೆಗೆ ಗುರಿ ಸಿಗುತ್ತದೆ, ಮನುಷ್ಯರಿಗೆ ಕಾಯಿಲೆ ಬರುವ ಮೊದಲೇ ಅದರ ಸುಳಿವು ಹಿಡಿಯಬಹುದು.

ಕೋಲಾರ ಸೀಮೆಯ ಹಿನ್ನೆಲೆ

ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಚಾಂಪಿಯನ್ ರೀಫ್ಸ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಚಿನ್ನ. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಇಲ್ಲಿನ ಗಣಿಯಲ್ಲಿ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳನ್ನು ಗುರುತಿಸಿದ್ದರಿಂದ ಭೌತವಿಜ್ಞಾನಿಗಳಿಗೂ ಈ ಹೆಸರು ಚಿರಪರಿಚಿತ. ಸಾಂಕ್ರಾಮಿಕ ರೋಗಗಳ ಚರಿತ್ರೆಯಲ್ಲೂ ಕೋಲಾರ ಸೀಮೆಗೆ ಒಂದು ಸ್ಥಾನವಿದೆ, ಅದನ್ನು ನೆನೆಯುವವರು ಕಡಿಮೆ.

1898ರ ಆಗಸ್ಟ್‌ನಲ್ಲಿ ರೈಲು ದಾರಿ ಹಿಡಿದು ಬೆಂಗಳೂರಿಗೆ ಬಂದ ಪ್ಲೇಗು ಚಿನ್ನದ ಗಣಿಗಳ ಊರನ್ನೂ ಬಿಡಲಿಲ್ಲ. ಬಂಗಾರಪೇಟೆಯಿಂದ ಊರಗಾಂ, ಚಾಂಪಿಯನ್ ರೀಫ್ಸ್ ದಾಟಿ ಮಾರಿಕುಪ್ಪಂವರೆಗೆ ಹೋಗುವ ಕವಲು ರೈಲು ಮಾರ್ಗ, ಒತ್ತೊತ್ತಾಗಿ ಕಟ್ಟಿದ ಕೂಲಿ ಲೈನುಗಳು, ಬಿದಿರು ತಟ್ಟಿಯ ಗೋಡೆಯ ಮನೆಗಳು, ಕಾಳು ಕಡಿಯ ಮೂಟೆಗಳು: ಇಲಿಗೂ ಚಿಗಟಕ್ಕೂ ಇದಕ್ಕಿಂತ ಅನುಕೂಲ ಬೇಕಿರಲಿಲ್ಲ. ಇಲಿ ಬಿತ್ತೆಂದರೆ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಳ್ಳುವುದು ಹಳೆ ಮೈಸೂರು ಸೀಮೆಯಲ್ಲಿ ರೂಢಿಯಾಯಿತು. ಪ್ಲೇಗಿನ ಹೆಸರಿನಲ್ಲೇ ಮಾರಮ್ಮನ ಗುಡಿಗಳು ಎದ್ದವು.

ಊರೊಳಗಿನ ಪ್ಲೇಗು ಇಳಿದ ಮೇಲೂ ಕಾಡುಮೇಡಿನ ಇಲಿಗಳಲ್ಲಿ ಅದರ ಬೇರು ಉಳಿಯಿತು. ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡು ಮೂರೂ ಕೂಡುವ ಕೋಲಾರ, ಚಿತ್ತೂರು, ಹೊಸೂರು ಭಾಗವನ್ನು ದೇಶದ ಪ್ಲೇಗು ನೆಲೆಗಳಲ್ಲಿ ಒಂದೆಂದು ಗುರುತಿಸಲಾಗಿದೆ. 1994ರಲ್ಲಿ ಮಹಾರಾಷ್ಟ್ರದ ಬೀಡ್ ಮತ್ತು ಗುಜರಾತಿನ ಸೂರತ್‌ನಲ್ಲಿ ಪ್ಲೇಗು ಮತ್ತೆ ತಲೆಯೆತ್ತುವ ಮುನ್ನ ಭಾರತದಲ್ಲಿ ಕೊನೆಯದಾಗಿ ದಾಖಲಾದ ಮಾನವ ಪ್ರಕರಣ 1966ರದು. ಅದು ಕೆಜಿಎಫ್‌ನ ಈಶಾನ್ಯಕ್ಕಿರುವ ಮುಳಬಾಗಿಲು ಭಾಗದಲ್ಲಿ ಕಂಡಿತ್ತು.

ಪ್ರೋಟೀನನ್ನೇ ಏಕೆ ಹುಡುಕಬೇಕು

ಬ್ಯಾಕ್ಟೀರಿಯಾದಿಂದ ಬರುವ ಜ್ವರಗಳನ್ನು ರಕ್ತದಲ್ಲಿ ಪತ್ತೆಹಚ್ಚುವ ಹಳೆಯ ಪರೀಕ್ಷೆಗಳು ಹೆಚ್ಚಾಗಿ ಅದರ ಹೊರಪದರದ ಸಕ್ಕರೆ ಸರಪಣಿಗಳನ್ನು ನೆಚ್ಚಿಕೊಂಡಿದ್ದವು. ತೊಂದರೆ ಏನೆಂದರೆ, ಸಂಬಂಧವೇ ಇಲ್ಲದ ಎರಡು ಬ್ಯಾಕ್ಟೀರಿಯಾಗಳ ಸಕ್ಕರೆಗಳು ಒಂದನ್ನೊಂದು ಹೋಲಬಹುದು. 1916ರಲ್ಲಿ ರೂಪುಗೊಂಡ ವೈಲ್–ಫೆಲಿಕ್ಸ್ ಪರೀಕ್ಷೆ ಈ ಹೋಲಿಕೆಯನ್ನೇ ಬಳಸಿಕೊಂಡಿತು. ಟೈಫಸ್ ರೋಗಿಯ ರಕ್ತಸಾರ ಪ್ರೋಟಿಯಸ್ ಎಂಬ ಬೇರೆಯೇ ಬ್ಯಾಕ್ಟೀರಿಯಾವನ್ನು ಗಂಟುಗಟ್ಟಿಸುತ್ತದೆ. ಅಗ್ಗದ ಪರೀಕ್ಷೆಯೇನೋ ಹೌದು, ಆದರೆ ಟೈಫಸ್ ಇಲ್ಲದವರಲ್ಲೂ ಇದೆಯೆನ್ನಬಹುದು, ಇದ್ದವರಲ್ಲೂ ಇಲ್ಲವೆನ್ನಬಹುದು. ಕಂದು ರೋಗದ ಬ್ರುಸೆಲ್ಲಾಕ್ಕೂ ಹೊಟ್ಟೆನೋವು ತರುವ ಯೆರ್ಸೀನಿಯಾ ಎಂಟರೊಕೊಲಿಟಿಕಾದ ಒಂದು ಬಗೆಗೂ ನಡುವೆ ಇದೇ ಗೋಜಲು.

ಪ್ರೋಟೀನುಗಳ ವಿಷಯ ಬೇರೆ. ಅಮೈನೊ ಆಮ್ಲಗಳ ಉದ್ದನೆಯ ಸಾಲು ಆಕಸ್ಮಿಕವಾಗಿ ಇನ್ನೊಂದನ್ನು ಹೋಲುವುದು ವಿರಳ. ಜೊತೆಗೆ ಬೇಕಾದ ಪ್ರೋಟೀನಿನ ಜೀನನ್ನು ನಿರಪಾಯಕಾರಿ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಆ ಒಂದೇ ಪ್ರೋಟೀನನ್ನು ಹೇರಳವಾಗಿ ತಯಾರಿಸಬಹುದು. ಆಗ ಪ್ಲೇಗಿನಂತಹ ಅಪಾಯಕಾರಿ ರೋಗಾಣುವನ್ನು ಬೆಳೆಸದೆಯೇ ಅದರ ಪರೀಕ್ಷೆ ನಡೆಸಲು ಸಾಧ್ಯ.

ಪ್ಲೇಗು: ಶಾಖ ಏರಿದಂತೆ ಬದಲಾಗುವ ಹೊದಿಕೆ

ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ರೋಗಾಣುವನ್ನು ಕಂಡುಹಿಡಿದರು. ಅದನ್ನು ಇಲಿಯಿಂದ ಮನುಷ್ಯನಿಗೆ ಒಯ್ಯುವುದು ಚಿಗಟವೆಂದು ಪಾಲ್-ಲೂಯಿ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದರು. ಹೊಟ್ಟೆಯ ಸಾಮಾನ್ಯ ರೋಗಾಣುವೊಂದರಿಂದ ಕೆಲವು ಸಾವಿರ ವರ್ಷಗಳ ಹಿಂದೆಯಷ್ಟೇ ಕವಲೊಡೆದ ಯೆರ್ಸೀನಿಯಾ ಪೆಸ್ಟಿಸ್ ಇಷ್ಟು ಘೋರವಾದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಅದರ ಕೆಲವೇ ಪ್ರೋಟೀನುಗಳಲ್ಲಿದೆ. ಅವುಗಳ ಜೀನುಗಳು ಬಹುತೇಕ ಪ್ಲಾಸ್ಮಿಡ್‌ಗಳೆಂಬ ಚಿಕ್ಕ ಡಿಎನ್‌ಎ ಉಂಗುರಗಳ ಮೇಲಿವೆ. 2001ರಲ್ಲಿ ಈ ಬ್ಯಾಕ್ಟೀರಿಯಾದ ಪೂರ್ಣ ಜೀನೋಮ್ ಪ್ರಕಟವಾಯಿತು. ಅದಕ್ಕೆ ಬಳಸಿದ ತಳಿ ಅಮೆರಿಕದ ಕೊಲರಾಡೊದಲ್ಲಿ ಬೆಕ್ಕಿನಿಂದ ಸೋಂಕು ತಗುಲಿ 1992ರಲ್ಲಿ ಸತ್ತ ರೋಗಿಯದು.

ಚಿಗಟದ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಜೀರ್ಣವಾಗಿ ಹೋಗದಂತೆ ಕಾಯುವುದು ವೈಎಂಟಿ ಎಂಬ ಪ್ರೋಟೀನು. ಇದಿಲ್ಲದ ತಳಿಗಳು ಚಿಗಟದ ಕರುಳಲ್ಲಿ ಉಳಿಯಲಾರವೆಂದು 2002ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಚಿಗಟ ಕಚ್ಚಿ ಬ್ಯಾಕ್ಟೀರಿಯಾ ಮನುಷ್ಯನ ಚರ್ಮದೊಳಗೆ ಬಂದಾಗ ಪ್ಲಾ ಎಂಬ ಇನ್ನೊಂದು ಪ್ರೋಟೀನಿನ ಕೆಲಸ ಶುರುವಾಗುತ್ತದೆ. ಸೋಂಕನ್ನು ಒಂದೇ ಕಡೆ ತಡೆದು ನಿಲ್ಲಿಸಲು ದೇಹ ಕಟ್ಟುವ ಫೈಬ್ರಿನ್ ಜಾಲವನ್ನು ಅದು ಕರಗಿಸಿ, ದುಗ್ಧಗ್ರಂಥಿಗಳಿಗೆ ದಾರಿ ಮಾಡಿಕೊಡುತ್ತದೆ. ತೊಡೆಸಂದಿನಲ್ಲೋ ಕಂಕುಳಲ್ಲೋ ಪ್ಲೇಗಿನ ಗಡ್ಡೆ ಏಳುವುದು ಇದರ ಫಲ.

ಚಿಗಟದ ಮೈ ಹೊರಗಿನ ಹವೆಯಷ್ಟೇ ಬಿಸಿ. ಮನುಷ್ಯನ ಮೈ 37 ಡಿಗ್ರಿ ಸೆಲ್ಸಿಯಸ್. ಈ ವ್ಯತ್ಯಾಸವೇ ಬ್ಯಾಕ್ಟೀರಿಯಾಕ್ಕೆ ಸೂಚನೆ. ಶಾಖ ಏರಿದೊಡನೆ ಅದು ಎಫ್1 ಎಂಬ ಪ್ರೋಟೀನಿನ ನವಿರಾದ ಎಳೆಗಳನ್ನು ಹೊರಬಿಟ್ಟು ಮೈತುಂಬ ಹೊದ್ದುಕೊಳ್ಳುತ್ತದೆ. ಬಿಳಿ ರಕ್ತಕಣಗಳಿಗೆ ಅದನ್ನು ನುಂಗುವುದು ಕಷ್ಟವಾಗುತ್ತದೆ. ಅದೇ ಹೊತ್ತಿಗೆ ಸೂಜಿ ರಚನೆಯೊಂದು ಸಿದ್ಧಗೊಂಡು, ಯಾಪ್ ಗುಂಪಿನ ಪ್ರೋಟೀನುಗಳನ್ನು ನೇರವಾಗಿ ರಕ್ಷಣಾ ಕೋಶಗಳೊಳಗೆ ಚುಚ್ಚುತ್ತದೆ. ಆ ಸೂಜಿಯ ತುದಿಯಲ್ಲಿರುವ ಪ್ರೋಟೀನೇ ಎಲ್‌ಸಿಆರ್‌ವಿ. ಎಫ್1 ಮತ್ತು ಎಲ್‌ಸಿಆರ್‌ವಿ ಎರಡನ್ನೂ ಬೆಸೆದು ಹೊಸ ಪ್ಲೇಗು ಲಸಿಕೆಗಳನ್ನು ರೂಪಿಸುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ. ಎಫ್1 ಇಲ್ಲದೆಯೂ ರೋಗ ತರುವ ತಳಿಗಳಿರುವುದರಿಂದ ಒಂದೇ ಪ್ರೋಟೀನನ್ನು ನಂಬುವ ಹಾಗಿಲ್ಲ.

ಕೋಲಾರ ಸೀಮೆಗೆ ಎಫ್1 ಮುಖ್ಯವಾಗುವುದು ಲಸಿಕೆಗಿಂತ ಹೆಚ್ಚಾಗಿ ಕಾವಲಿಗೆ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಬೆಂಗಳೂರು ಘಟಕ ತ್ರಿರಾಜ್ಯ ಗಡಿಯ ಹಳ್ಳಿಗಳಲ್ಲಿ ಬೋನಿಟ್ಟು ಇಲಿ, ಹೆಗ್ಗಣ, ಜರ್ಬಿಲ್ ಜಾತಿಯ ಬಯಲಿಲಿಗಳನ್ನು ಹಿಡಿದು, ಅವುಗಳ ಮೈಯಿಂದ ಚಿಗಟ ಬಾಚಿ, ರಕ್ತ ಪರೀಕ್ಷಿಸುತ್ತ ಬಂದಿದೆ. ರಕ್ತದಲ್ಲಿ ಹುಡುಕುವುದು ಎಫ್1 ವಿರುದ್ಧದ ಪ್ರತಿಕಾಯಗಳನ್ನು. ನಾಯಿಗಳ ರಕ್ತವೂ ಉಪಯುಕ್ತ. ಸೋಂಕಿರುವ ಇಲಿಯನ್ನು ತಿಂದ ನಾಯಿ ಸಾಮಾನ್ಯವಾಗಿ ಸಾಯುವುದಿಲ್ಲ, ಆದರೆ ಅದರ ರಕ್ತದಲ್ಲಿ ಪ್ರತಿಕಾಯ ಮೂಡುತ್ತದೆ. ಹೀಗೆ ಒಬ್ಬ ರೋಗಿಯೂ ಇಲ್ಲದ ಕಡೆ ಪ್ಲೇಗು ಉಸಿರಾಡುತ್ತಿದೆಯೇ ಎಂದು ತಿಳಿಯುವುದಕ್ಕೆ ಒಂದು ಪ್ರೋಟೀನಿನ ಜಾಡೇ ಆಧಾರ. ಮಡಗಾಸ್ಕರ್‌ನ ಪಾಶ್ಚರ್ ಸಂಸ್ಥೆ ಇದೇ ಎಫ್1 ಅನ್ನು 15 ನಿಮಿಷಗಳಲ್ಲಿ ಪತ್ತೆಹಚ್ಚುವ ಪಟ್ಟಿಯೊಂದನ್ನು ರೂಪಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿತು. ವಿದ್ಯುತ್ತಿಲ್ಲದ ಹಳ್ಳಿಯಲ್ಲೂ ಅದು ಕೆಲಸ ಮಾಡುತ್ತದೆ.

ಇಲಿ ಜ್ವರ: ಮೇಲ್ಮೈ ತುಂಬ ಒಂದೇ ಪ್ರೋಟೀನು

ಗಣಿಗೂ ಇಲಿ ಜ್ವರಕ್ಕೂ ಹತ್ತಿರದ ನಂಟು. ಅದರ ರೋಗಾಣು ಲೆಪ್ಟೊಸ್ಪೈರಾವನ್ನು ಜಪಾನಿನ ಇನಾಡಾ ಮತ್ತು ಇಡೊ 1915ರಲ್ಲಿ ಪತ್ತೆಹಚ್ಚಿದ್ದು ಕ್ಯುಷು ದ್ವೀಪದ ಕಲ್ಲಿದ್ದಲು ಗಣಿ ಕಾರ್ಮಿಕರ ಕಾಯಿಲೆಯನ್ನು ಬೆನ್ನಟ್ಟಿ. ಇಲಿ, ದನಗಳ ಮೂತ್ರದಿಂದ ನೀರಿಗೆ, ನೀರಿನಿಂದ ಕಾಲಿನ ಗಾಯದ ಮೂಲಕ ರಕ್ತಕ್ಕೆ ಸೇರುವ ರೋಗಾಣು ಇದು. ಕೆಸರುಗದ್ದೆಯಲ್ಲಿ ದುಡಿಯುವವರು, ಚರಂಡಿ ಶುಚಿ ಮಾಡುವವರು, ದನ ಸಾಕುವವರು ಹೆಚ್ಚು ಅಪಾಯದಲ್ಲಿರುತ್ತಾರೆ.

ಇದರ ಹೊರಪದರದಲ್ಲಿ ಅತಿ ಹೇರಳವಾಗಿರುವುದು ಲಿಪ್‌ಎಲ್32 ಎಂಬ ಪ್ರೋಟೀನು. ರೋಗ ತರದ, ನೀರಿನಲ್ಲಷ್ಟೇ ಬದುಕುವ ಲೆಪ್ಟೊಸ್ಪೈರಾಗಳಲ್ಲಿ ಅದಿಲ್ಲ. ಹಾಗಾಗಿ ಪರೀಕ್ಷೆಗೆ ಹೇಳಿಮಾಡಿಸಿದ ಗುರಿ. 2009ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಲೆಪ್ಟೊಸ್ಪೈರಾ ಕೋಶದಲ್ಲಿ ಯಾವ ಪ್ರೋಟೀನಿನ ಎಷ್ಟು ಪ್ರತಿಗಳಿವೆ ಎಂದು ಎಣಿಸಿತು. ಲಿಪ್‌ಎಲ್32 ಹತ್ತಾರು ಸಾವಿರದ ಲೆಕ್ಕದಲ್ಲಿತ್ತು. ವಿಚಿತ್ರವೆಂದರೆ, ಅದೇ ವರ್ಷ ಇನ್ನೊಂದು ತಂಡ ಈ ಜೀನನ್ನು ಕೆಡಿಸಿ ನೋಡಿದಾಗ ಬ್ಯಾಕ್ಟೀರಿಯಾ ಪ್ರಯೋಗದ ಪ್ರಾಣಿಗಳಲ್ಲಿ ಮೊದಲಿನಂತೆಯೇ ರೋಗ ತಂದಿತು. ಎಲ್ಲಕ್ಕಿಂತ ಹೆಚ್ಚಾಗಿರುವ ಪ್ರೋಟೀನು ರೋಗಕ್ಕೆ ಅನಿವಾರ್ಯವಲ್ಲ! ಗುರುತಿಸುವುದಕ್ಕೆ ಒಳ್ಳೆಯ ಪ್ರೋಟೀನು ಬೇರೆ, ರೋಗಕ್ಕೆ ಕಾರಣವಾಗುವ ಪ್ರೋಟೀನು ಬೇರೆ ಎಂಬ ಪಾಠ ಸಂಶೋಧಕರಿಗೆ ಇಲ್ಲಿಂದ ಸಿಕ್ಕಿತು.

ಲಿಗ್ ಗುಂಪಿನ ಪ್ರೋಟೀನುಗಳ ಕಥೆ ಇನ್ನೊಂದು ತೆರನದು. ಕೆರೆ ಕುಂಟೆಯ ಸಪ್ಪೆ ನೀರಿನಲ್ಲಿ ಇವು ಅಷ್ಟಾಗಿ ಕಾಣಿಸುವುದಿಲ್ಲ. ರಕ್ತದಷ್ಟು ಉಪ್ಪಿನಂಶ ಸಿಕ್ಕಿದೊಡನೆ ತಯಾರಿ ಜೋರಾಗುತ್ತದೆ. ಪ್ಲೇಗಿನ ರೋಗಾಣು ಶಾಖದಿಂದ ತಾಣ ಗುರುತಿಸಿದರೆ ಇಲಿ ಜ್ವರದ ರೋಗಾಣು ಉಪ್ಪಿನಿಂದಲೂ ಗುರುತಿಸುತ್ತದೆ.

ಕಂದು ರೋಗ: ಹಾಲಿನ ಜಿಲ್ಲೆಯ ಚಿಂತೆ

ಚಿನ್ನ, ರೇಷ್ಮೆ, ಹಾಲು ಈ ಮೂರಕ್ಕೆ ಕೋಲಾರ ಹೆಸರುವಾಸಿ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಉಳಿದ ಎರಡರಲ್ಲಿ ಹಾಲೇ ಮನೆಮನೆಯ ಆದಾಯ. ಹಸು ಐದಾರು ತಿಂಗಳಿಗೆ ಕಂದು ಹಾಕಿದರೆ ರೈತನಿಗೆ ಕರುವೂ ನಷ್ಟ, ಹಾಲೂ ನಷ್ಟ. ಬ್ರುಸೆಲ್ಲಾ ಅಬಾರ್ಟಸ್ ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಸತ್ತೆ (ಮಾಸು) ಮತ್ತು ಸತ್ತ ಕರುವನ್ನು ಬರಿಗೈಯಲ್ಲಿ ಮುಟ್ಟಿದವರಿಗೆ, ಕುದಿಸದ ಹಾಲು ಕುಡಿದವರಿಗೆ ಅದು ದಾಟುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ. ಪಶುವೈದ್ಯರಿಗೆ ಇದು ವೃತ್ತಿಯ ಅಪಾಯ.

ಬ್ರುಸೆಲ್ಲಾ ವಿಷವನ್ನು ಹೊರಹಾಕುವ ಬ್ಯಾಕ್ಟೀರಿಯಾವಲ್ಲ. ತನ್ನನ್ನು ನುಂಗಿದ ರಕ್ಷಣಾ ಕೋಶದೊಳಗೇ ಮನೆ ಮಾಡಿಕೊಳ್ಳುತ್ತದೆ. ವಿರ್‌ಬಿ ಎಂಬ ಸಾಗಣೆ ವ್ಯವಸ್ಥೆಯ ಮೂಲಕ ತನ್ನ ಪ್ರೋಟೀನುಗಳನ್ನು ಆ ಕೋಶದೊಳಕ್ಕೆ ಕಳಿಸಿ, ಅಪಾಯದ ಸುದ್ದಿ ಹೊರಗೆ ಹೋಗದಂತೆ ತಡೆಯುತ್ತದೆ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಮ್ಮೆ ಕಂದು ರೋಗದ ಲಸಿಕೆ ಹಾಕಲಾಗುತ್ತದೆ. ಬಳಕೆಯಲ್ಲಿರುವ ಎಸ್19 ತಳಿ ಜೀವಂತ ಲಸಿಕೆ. ಮುಂದೆ ರಕ್ತ ಪರೀಕ್ಷಿಸಿದರೆ ಕಾಣುವ ಪ್ರತಿಕಾಯ ಲಸಿಕೆಯದೋ ಸೋಂಕಿನದೋ ಎಂದು ಸಕ್ಕರೆ ಆಧಾರಿತ ಪರೀಕ್ಷೆ ಹೇಳಲಾರದು. ಬಿಪಿ26ರಂತಹ ಪ್ರೋಟೀನುಗಳ ಮೇಲೆ ಜಗತ್ತಿನಾದ್ಯಂತ ನಡೆದಿರುವ ಸಂಶೋಧನೆಗೆ ಒಂದು ಕಾರಣ ಈ ತೊಡಕು.

ಸ್ಕ್ರಬ್ ಟೈಫಸ್, ನೆರಡಿ

ಪೊದೆ, ಹುಲ್ಲುಗಾವಲಿನ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿಗಳ ಕಡಿತದಿಂದ ಸ್ಕ್ರಬ್ ಟೈಫಸ್ ಬರುತ್ತದೆ. ಆ ನುಸಿಗಳಿಗೆ ಆಸರೆ ಇಲಿಗಳು. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂತಹ ಕಪ್ಪು ಹಕ್ಕಳೆ ಕಂಡರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ, ಆದರೆ ಎಲ್ಲ ರೋಗಿಗಳಲ್ಲೂ ಅದು ಕಾಣಿಸದು. ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ವೈದ್ಯರು ಈ ಭಾಗದ ಪ್ರಕರಣಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ. ರೋಗಾಣು ಒರಿಯೆನ್ಷಿಯಾ ಜೀವಕೋಶದೊಳಗಲ್ಲದೆ ಬೇರೆಲ್ಲೂ ಬೆಳೆಯದು. ಹಾಗಾಗಿ ಅದರ ಮೇಲ್ಮೈಯ 56 ಕಿಲೊಡಾಲ್ಟನ್ ತೂಕದ ಪ್ರೋಟೀನನ್ನು ಇ. ಕೋಲಿಯಲ್ಲಿ ತಯಾರಿಸಿ, ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲಿಸಾ ಪರೀಕ್ಷೆಗೆ ಬಳಸುತ್ತಾರೆ. ಈ ಪ್ರೋಟೀನು ತಳಿಯಿಂದ ತಳಿಗೆ ಬದಲಾಗುವುದರಿಂದ ಕಾರ್ಪ್, ಕಾಟೊ, ಗಿಲಿಯಂ ಮುಂತಾದ ಬಗೆಗಳ ಪ್ರೋಟೀನುಗಳನ್ನು ಬೆರೆಸಬೇಕಾಗುತ್ತದೆ.

ನೆರಡಿ ರೋಗದಲ್ಲಿ ಮೂರು ಪ್ರೋಟೀನುಗಳ ಕೂಟವಿದೆ. ಮೊದಲನೆಯದು 83 ಕಿಲೊಡಾಲ್ಟನ್ ತೂಕದ ರಕ್ಷಕ ಪ್ರತಿಜನಕ. ಅದು ಕೋಶದ ಮೇಲೆ ಕೂತು, ತುಂಡಾಗಿ, ಏಳೆಂಟು ಸೇರಿ ರಂಧ್ರ ಕಟ್ಟುತ್ತದೆ. ಮಾರಕ ಅಂಶ, ಬಾವು ಅಂಶ ಎಂಬ ಉಳಿದೆರಡು ಆ ರಂಧ್ರದಿಂದ ಒಳಹೊಗುತ್ತವೆ. ಮೊದಲನೆಯದರ ವಿರುದ್ಧ ಪ್ರತಿಕಾಯ ಸಿಕ್ಕರೆ ಉಳಿದೆರಡೂ ಹೊರಗೇ ಉಳಿಯುತ್ತವೆ. ಮನುಷ್ಯರಿಗೆ ಕೊಡುವ ನೆರಡಿ ಲಸಿಕೆಗಳ ತಿರುಳು ಇದೇ ಪ್ರೋಟೀನು.

ವಿಧಾನಗಳು

ಬ್ಯಾಕ್ಟೀರಿಯಾವನ್ನು ಒಡೆದು ಬಂದ ಪ್ರೋಟೀನುಗಳ ಮಿಶ್ರಣವನ್ನು ಬಿಡಿಸುವುದೇ ಮೊದಲ ಕೆಲಸ. ಜೆಲ್ ಪದರದಲ್ಲಿ ವಿದ್ಯುತ್ ಹರಿಸಿ ತೂಕದ ಪ್ರಕಾರ ಬೇರ್ಪಡಿಸುವ ಲೆಮ್ಲಿ ವಿಧಾನ 1970ರದು. ವಿದ್ಯುದಂಶ ಮತ್ತು ತೂಕ ಎರಡರಿಂದಲೂ ಬೇರ್ಪಡಿಸುವ ಎರಡು ಆಯಾಮದ ಜೆಲ್ 1975ರಲ್ಲಿ ಬಂತು. ರೋಗಿಯ ಅಥವಾ ಹಸುವಿನ ರಕ್ತಸಾರವನ್ನು ಆ ಪ್ರೋಟೀನುಗಳಿಗೆ ತಾಗಿಸಿದರೆ, ದೇಹ ಯಾವುದನ್ನು ಶತ್ರುವೆಂದು ಗುರುತಿಸಿದೆ ಎಂಬುದು ಪಟ್ಟಿಗಳಾಗಿ ಮೂಡುತ್ತದೆ.

ನಿಜವಾದ ಜಿಗಿತ ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಆಯಿತು. ದೊಡ್ಡ ಪ್ರೋಟೀನು ಅಣುಗಳನ್ನು ಕೆಡಿಸದೆ ಆವಿಯಾಗಿಸಿ ತೂಗುವ ದಾರಿ ಕಂಡುಕೊಂಡ ಜಾನ್ ಫೆನ್ ಮತ್ತು ಕೊಯಿಚಿ ತನಾಕಾ 2002ರ ರಸಾಯನವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಈಗ ಪ್ರೋಟೀನನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡು ಮಾಡಿ, ತುಂಡುಗಳ ತೂಕವನ್ನು ಜೀನೋಮ್ ಮಾಹಿತಿಯೊಂದಿಗೆ ತಾಳೆ ನೋಡಿ, ಒಂದೇ ಪ್ರಯೋಗದಲ್ಲಿ ಸಾವಿರಾರು ಪ್ರೋಟೀನುಗಳನ್ನು ಹೆಸರಿಸಬಹುದು. ಅಮೈನೊ ಆಮ್ಲಗಳ ಸಾಲಿನಿಂದಲೇ ಪ್ರೋಟೀನಿನ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಗಣಕ ವಿಧಾನ 2024ರ ನೊಬೆಲ್‌ಗೆ ಪಾತ್ರವಾಯಿತು.

ಬೆಂಗಳೂರಿನ ಸಂಸ್ಥೆಗಳು

ಕೋಲಾರ ಸೀಮೆಗೆ ಹತ್ತಿರದ ಸಂಶೋಧನಾ ಕೇಂದ್ರ ಯಲಹಂಕದ ರಾಷ್ಟ್ರೀಯ ಪಶು ಸಾಂಕ್ರಾಮಿಕ ರೋಗವಿಜ್ಞಾನ ಮತ್ತು ರೋಗ ಮಾಹಿತಿ ಸಂಸ್ಥೆ, ಅಂದರೆ ನಿವೇದಿ. 1987ರಲ್ಲಿ ಜಾನುವಾರು ರೋಗಗಳ ಸಮನ್ವಯ ಯೋಜನೆಯಾಗಿ ಮೊದಲಾದ ಕೆಲಸ 2000ದಲ್ಲಿ ಯೋಜನಾ ನಿರ್ದೇಶನಾಲಯವಾಗಿ, 2013ರಲ್ಲಿ ಪೂರ್ಣ ಸಂಸ್ಥೆಯಾಗಿ ಬೆಳೆಯಿತು. ಕಂದು ರೋಗಕ್ಕೆ ಇಲ್ಲಿ ರೂಪಿಸಿದ ಎಲಿಸಾ ಕಿಟ್‌ಗಳಲ್ಲಿ ಒಂದು 'ಪ್ರೋಟೀನ್ ಜಿ'ಯನ್ನು ಬಳಸುತ್ತದೆ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಮೂಲದ ಈ ಪ್ರೋಟೀನು ಹಲವು ಪ್ರಾಣಿಗಳ ಪ್ರತಿಕಾಯಗಳಿಗೆ ಅಂಟಿಕೊಳ್ಳುವುದರಿಂದ ಹಸು, ಎಮ್ಮೆ, ಕುರಿ, ಮೇಕೆಗಳಿಗೆ ಬೇರೆ ಬೇರೆ ಕಿಟ್ ಬೇಕಾಗುವುದಿಲ್ಲ. ಲಿಪ್‌ಎಲ್32 ಮತ್ತು ಅದರ ಬಳಗದ ಪ್ರೋಟೀನುಗಳನ್ನು ತಯಾರಿಸಿ ದನಗಳಲ್ಲಿ ಇಲಿ ಜ್ವರ ಪತ್ತೆಹಚ್ಚುವ ಪ್ರಯೋಗಗಳೂ ಇಲ್ಲಿ ನಡೆದಿವೆ. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕಗಳ ಸಂಸ್ಥೆ ರಾಜ್ಯದ ಜಾನುವಾರುಗಳಿಗೆ ನೆರಡಿ ಸೇರಿದಂತೆ ಹಲವು ರೋಗಗಳ ಲಸಿಕೆ ತಯಾರಿಸುತ್ತದೆ.

ವೈಟ್‌ಫೀಲ್ಡಿನಲ್ಲಿ 2002ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ 2014ರಲ್ಲಿ ಮಾನವ ಪ್ರೋಟಿಯೋಮಿನ ಕರಡು ನಕ್ಷೆ ರಚಿಸಿದ ಅಂತರರಾಷ್ಟ್ರೀಯ ತಂಡದಲ್ಲಿತ್ತು. ಅದಕ್ಕೂ ಮೊದಲು, 2011ರಲ್ಲಿ, ಕ್ಷಯದ ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನು ಜಾಲಾಡಿ, ಜೀನ್ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಹಲವನ್ನು ಅದು ಗುರುತಿಸಿತು.

ಬಳಕೆ ಮತ್ತು ಮಿತಿ

ಪ್ರಯೋಗಾಲಯದಲ್ಲಿ ಚೊಕ್ಕವಾಗಿ ಕೆಲಸ ಮಾಡಿದ ಪ್ರೋಟೀನು ಹಳ್ಳಿಯಲ್ಲಿ ಸೋಲುವುದುಂಟು. ತಳಿ ಬದಲಾಗಿರಬಹುದು, ಸೋಂಕಿನ ಮೊದಲ ವಾರದಲ್ಲಿ ಪ್ರತಿಕಾಯ ಇನ್ನೂ ಮೂಡಿರದೆ ಇರಬಹುದು, ಇ. ಕೋಲಿಯಲ್ಲಿ ತಯಾರಾದ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಇರಬಹುದು. ಮನುಷ್ಯರ ಆಸ್ಪತ್ರೆ ಒಂದು ಇಲಾಖೆಯದು, ದನಗಳ ಆಸ್ಪತ್ರೆ ಇನ್ನೊಂದರದು. ಹಟ್ಟಿಯಲ್ಲಿ ಹಸು ಕಂದು ಹಾಕಿದ ಸುದ್ದಿ ಅದೇ ಮನೆಯವರ ಜ್ವರ ನೋಡುವ ವೈದ್ಯರಿಗೆ ತಲುಪದಿದ್ದರೆ ಎಷ್ಟು ಒಳ್ಳೆಯ ಕಿಟ್ ಇದ್ದೂ ವ್ಯರ್ಥ. ಮಾರಿಕುಪ್ಪಂನಿಂದ ದಿನಬೆಳಗಾದರೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರ ಜ್ವರ ಎಲ್ಲಿ ತಗುಲಿದ್ದೆಂದು ಹೇಳುವುದೂ ಸುಲಭವಲ್ಲ.

ಬೇಗ ಗುರುತಿಸುವುದಕ್ಕೆ ಇಷ್ಟು ಒತ್ತು ಕೊಡಲು ನೇರವಾದ ಕಾರಣವಿದೆ. ಈ ರೋಗಗಳಿಗೆಲ್ಲ ಔಷಧವುಂಟು. ಸ್ಕ್ರಬ್ ಟೈಫಸ್ ಮತ್ತು ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್, ಪ್ಲೇಗಿಗೆ ಸ್ಟ್ರೆಪ್ಟೊಮೈಸಿನ್ ಅಥವಾ ಜೆಂಟಮೈಸಿನ್, ಕಂದು ರೋಗಕ್ಕೆ ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್ ಆರು ವಾರ. ಚಿಕಿತ್ಸೆಯಿಲ್ಲದ ಗಡ್ಡೆ ಪ್ಲೇಗಿನಲ್ಲಿ ಅರ್ಧದಷ್ಟು ಮಂದಿ ಸಾಯಬಹುದು. ಶ್ವಾಸಕೋಶದ ಪ್ಲೇಗಿಗೆ ಮೊದಲ 24 ಗಂಟೆಗಳಲ್ಲಿ ಔಷಧ ಬೀಳದಿದ್ದರೆ ಬದುಕುವ ಸಾಧ್ಯತೆ ತೀರ ಕಡಿಮೆ. ಹಾಲನ್ನು ಕುದಿಸಿಯೇ ಕುಡಿಯುವುದು, ಕಂದು ಹಾಕಿದ ಹಸುವಿನ ಸತ್ತೆಯನ್ನು ಬರಿಗೈಯಲ್ಲಿ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳುವುದು, ಕಾರಣವಿಲ್ಲದೆ ಇಲಿಗಳು ಸಾಲಾಗಿ ಸತ್ತರೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಕೋಲಾರ, ಮುಳಬಾಗಿಲು, ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳ ಪ್ರತಿ ಮನೆಯವರೂ ಪಾಲಿಸಬೇಕಾದ ಕ್ರಮಗಳು.